ಬರೀ ಬೋಲ್ಟಿನ ಕೆಲಸ

ಡೆಟ್ರಾಯಿಟ್ ಸುತ್ತಮುತ್ತ ಯಾವ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತರೂ ಒಬ್ಬ ಕಾರ್ವೆಟ್ ರಾಯರು ಸಿಗುತ್ತಾರೆ. ಹೆಸರು ಬೇರೆ ಇರಬಹುದು, ಮನೆ ಟ್ರಾಯ್ ಬದಲು ನೋವೈನಲ್ಲಿರಬಹುದು. ಗುರುತು ಮಾತ್ರ ಉಗುರಿನಲ್ಲಿದೆ. ಜುಬ್ಬ, ಶಲ್ಯ ಎಲ್ಲ ಗರಿಗರಿ, ಬೇವು-ಬೆಲ್ಲ ಹಂಚುವ ಬೆರಳ ಸಂದಿಯಲ್ಲಿ ಗ್ರೀಸು. ವಾರವಿಡೀ ಕಾರು ಕಂಪನಿಯ ಕಂಪ್ಯೂಟರಿನಲ್ಲಿ ಬ್ರೇಕಿನ ನಕ್ಷೆ ತಿದ್ದುವ ಈ ಎಂಜಿನಿಯರು ಆಫೀಸಿನಲ್ಲಿ ಒಂದು ಸ್ಪ್ಯಾನರನ್ನೂ ಮುಟ್ಟಿದವರಲ್ಲ. ಆ ಹಸಿವೆಲ್ಲ ತೀರುವುದು ಮನೆಯ ಗರಾಜಿನಲ್ಲಿ.

ಅವರದು 1980ರ ಕಾರ್ವೆಟ್, ಶೆವ್ರೊಲೆಯ ಸ್ಪೋರ್ಟ್ಸ್ ಕಾರು. ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಹಳೇ ಕಾರುಗಳನ್ನು ತಿಂದು ಮುಗಿಸುತ್ತದೆ. ಕಾರ್ವೆಟ್ಟಿನ ಮೈ ಫೈಬರ್‌ಗ್ಲಾಸ್, ಅದಕ್ಕೆ ತುಕ್ಕಿನ ಭಯವಿಲ್ಲ. ಒಳಗಿನ ಉಕ್ಕಿನ ಹಂದರಕ್ಕೆ ಉಂಟು. ಇದನ್ನೆಲ್ಲ ಓದಿಕೊಂಡ ರಾಯರು ಉಪ್ಪನ್ನೇ ಕಾಣದ ಕ್ಯಾಲಿಫೋರ್ನಿಯದ ಕಾರನ್ನು ತರಿಸಿದರು. ತುಕ್ಕು ಚೂರೂ ಇರಲಿಲ್ಲ. ಕಸುವೂ ಇರಲಿಲ್ಲ. ಹೊಗೆ ನಿಯಮಗಳ ದೆಸೆಯಿಂದ ಆ ವರ್ಷ ಕ್ಯಾಲಿಫೋರ್ನಿಯದಲ್ಲಿ ಮಾರಿದ ಕಾರ್ವೆಟ್‌ಗಳಿಗೆ 305 ಘನ ಇಂಚಿನ ಸಣ್ಣ ವಿ-8, 180 ಅಶ್ವಶಕ್ತಿ, ಗೇರೂ ಆಟೊಮ್ಯಾಟಿಕ್ ಮಾತ್ರ. ರಾಯರ ಹೆಂಡತಿ ತರಕಾರಿ ತರಲು ಓಡಿಸುವ 2018ರ ಕ್ಯಾಮ್ರಿಗೆ ನಾಲ್ಕೇ ಸಿಲಿಂಡರು, 203 ಅಶ್ವಶಕ್ತಿ. ಒಮ್ಮೆ ಹೆದ್ದಾರಿಯಲ್ಲಿ ಆ ಕ್ಯಾಮ್ರಿ ಕೊತ್ತಂಬರಿ ಸೊಪ್ಪಿನ ಸಮೇತ ಕಾರ್ವೆಟ್ಟನ್ನು ದಾಟಿ ಹೋಯಿತು. ಅದಾದ ಮೇಲೆ ರಾಯರು ಕೈಗೊಂಡದ್ದನ್ನು ಅವರು 'ಎಂಜಿನಿಯರಿಂಗ್ ನಿರ್ಧಾರ' ಎನ್ನುತ್ತಾರೆ. ಇರಲಿ.

ಬಂದದ್ದು ಶೆವ್ರೊಲೆಯ ಎಲ್‌ಎಸ್3 ಎಂಜಿನ್: 6.2 ಲೀಟರು, 430 ಅಶ್ವಶಕ್ತಿ. ಇದಕ್ಕೆ ಕ್ರೇಟ್ ಎಂಜಿನ್ ಎನ್ನುತ್ತಾರೆ. ಕಂಪನಿಯವರೇ ಪೂರ್ತಿ ಜೋಡಿಸಿ, ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುವ ಹೊಚ್ಚ ಹೊಸ ಮಾಲು. "ಬರೀ ಬೋಲ್ಟಿನ ಕೆಲಸ ಕಣ್ರೀ. ಹಳೇದು ಎತ್ತೋದು, ಹೊಸದು ಕೂರ್ಸೋದು. ಎರಡು ವೀಕೆಂಡು." ಪೆಟ್ಟಿಗೆ ನವರಾತ್ರಿಯ ಹೊತ್ತಿಗೆ ಬಂದದ್ದರಿಂದ ಆಯುಧಪೂಜೆಗೆ ಅದಕ್ಕೇ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ನಿಂಬೆಹಣ್ಣು ಎಲ್ಲಿಡುವುದೆಂಬ ಧರ್ಮಸೂಕ್ಷ್ಮ ಎದ್ದಿತು, ಚಕ್ರವೇ ಇಲ್ಲವಲ್ಲ. ಕಡೆಗೆ ಕ್ಯಾಮ್ರಿಯ ಚಕ್ರಕ್ಕಿಟ್ಟು ಹಿಂದೆ ಮುಂದೆ ಓಡಿಸಿದರು.

ಎಂಜಿನ್ ಕೂರಿಸುವುದು ಕಷ್ಟವಲ್ಲ, ಅದು ನಿಜ. ಕಷ್ಟ ಅದರ ಪರಿವಾರದ್ದು. ಹಳೇ ಮೌಂಟು ಹೊಸ ಬ್ಲಾಕಿಗೆ ಹೊಂದದು, ನಡುವೆ ಅಡಾಪ್ಟರ್ ತಟ್ಟೆ ಬೇಕು. ಆಯಿಲ್ ಪ್ಯಾನ್ ಕೆಳಗಿನ ಅಡ್ಡಪಟ್ಟಿಗೆ ತಗುಲಿತು, ಬೇರೆ ಪ್ಯಾನ್ ಬಂತು. ಹಳೇ ಕಾರ್ಬುರೇಟರಿಗೆ ಪೆಟ್ರೋಲಿನ ಒತ್ತಡ ಆರು ಪಿಎಸ್ಐ ಇದ್ದರೆ ಸಾಕಿತ್ತು. ಈ ಮಹಾನುಭಾವನಿಗೆ 58. ಹಾಗಾಗಿ ಪಂಪು, ಪಂಪಿಗಾಗಿ ಪೈಪು. ಇಷ್ಟು ಶಕ್ತಿಗೆ ಹಳೇ ಗೇರ್‌ಬಾಕ್ಸ್ ಬಾಳೀತೇ? ಅದೂ ಹೊಸದು. ಗೇರ್‌ಬಾಕ್ಸ್ ಬದಲಾದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಅಳತೆಯೂ ಬದಲು. "ಹೇಗೂ ಬಿಚ್ಚಿದೀನಲ್ಲ" ಎಂಬುದು ಇವರ ಬಾಯಲ್ಲಿ ಬಂತೆಂದರೆ ಮನೆಯವರೆಲ್ಲ ಬ್ಯಾಂಕಿನ ಬಾಕಿ ನೋಡಿಕೊಳ್ಳುತ್ತಾರೆ. ಎರಡನೇ ಯುಗಾದಿಗೆ ವೈರಿಂಗ್ ನಡೆಯುತ್ತಿತ್ತು.

ಸ್ಪೀಡೋಮೀಟರ್ ಒಂದನ್ನು ಬದಲಿಸಲಿಲ್ಲ, ಅದು ಒರಿಜಿನಲ್. ಆ ಕಾಲದ ಸರ್ಕಾರಿ ನಿಯಮದ ಪ್ರಕಾರ ಅದರ ಅಂಕಿ ಗಂಟೆಗೆ 85 ಮೈಲಿಗೇ ನಿಲ್ಲುತ್ತದೆ. ಹೊಸ ಗೇರ್‌ಬಾಕ್ಸಿಗೆ ಮೀಟರಿನ ಕೇಬಲ್ಲೇ ಇಲ್ಲ. ವಿದ್ಯುತ್ ಸಂಕೇತವನ್ನು ಕೇಬಲ್ಲಿನ ತಿರುಗಾಟವಾಗಿ ಮಾಡುವ ಡಬ್ಬಿಯೊಂದನ್ನು ಕೊಂಡು, 430 ಅಶ್ವಶಕ್ತಿಯ ಕಾರಿಗೆ 85ರ ಮೀಟರನ್ನು ಉಳಿಸಿಕೊಂಡರು.

ಹಳೇ ಎಂಜಿನ್ನೂ ಎಲ್ಲಿಗೂ ಹೋಗಿಲ್ಲ, ಗರಾಜಿನಲ್ಲೇ ಇದೆ. ಕಾರಿನ ನಂಬರೇ ಅದರ ಮೇಲೂ ಕೊರೆದಿರುವುದರಿಂದ ಮುಂದೆ ಮಾರುವಾಗ ಬೆಲೆ ಬರುತ್ತದಂತೆ. ಜಗಲಿಯಲ್ಲಿ ಕೂತ ನಿವೃತ್ತ ಯಜಮಾನರ ಹಾಗೆ, ಕೆಲಸಕ್ಕಿಲ್ಲ, ಕದಲಿಸುವಂತಿಲ್ಲ. ಅದರ ದೆಸೆಯಿಂದ ಕ್ಯಾಮ್ರಿ ಹಿಮದಲ್ಲಿ ನಿಲ್ಲುತ್ತದೆ. "ರೀ, ಮಾರೋದು ಯಾವಾಗ?" ಎಂದರೆ ರಾಯರಿಗೆ ಆಘಾತ: "ಕಾರು ಮಾರ್ತಾರೇನೆ?"

ಅಂತೂ ಆಗಸ್ಟಿನ ಮೂರನೇ ಶನಿವಾರ ಬಂತು, ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಈ ಜಾತ್ರೆಗೆ ಹಳೇ ಕಾರುಗಳೆಲ್ಲ ವುಡ್‌ವರ್ಡ್ ರಸ್ತೆಗಿಳಿಯುತ್ತವೆ, ಜನ ಮಡಚುವ ಕುರ್ಚಿ ಹಾಕಿಕೊಂಡು ಬದಿಯಲ್ಲಿ ಕೂರುತ್ತಾರೆ. ಅಷ್ಟೂ ಕಾರು ಒಟ್ಟಿಗೆ ಇಳಿದ ಮೇಲೆ ವೇಗವೆಲ್ಲಿಯದು? ರಾಯರ ಕಾರ್ವೆಟ್ ಮೊದಲ ಗೇರಿನಲ್ಲೇ ಗುರುಗುಟ್ಟುತ್ತ ತೆವಳಿತು. ಏಸಿ 'ಮುಂದಿನ ಹಂತ'ದಲ್ಲಿದ್ದುದರಿಂದ ಪಕ್ಕದಲ್ಲಿ ಹೆಂಡತಿ ಪಂಚಾಂಗದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

ನಿಲ್ಲಿಸಿ ಬಾನೆಟ್ ಎತ್ತಿದರು. ಅಮೆರಿಕದ ಮುದುಕರೊಬ್ಬರು ಬಗ್ಗಿ ನೋಡಿ, ಎಲ್‌ಎಸ್3ರ ಕಡೆ ಒಂದೂ ಮಾತಾಡದೆ, ಹಳೇ 305 ಇನ್ನೂ ಇದೆಯೇ, ಕೊಡುತ್ತೀರಾ ಎಂದು ಕೇಳಿದರು. ತನ್ನದೂ 1980ರ ಕ್ಯಾಲಿಫೋರ್ನಿಯ ಕಾರು, ಎಂಜಿನ್ ಕೈಕೊಟ್ಟಿದೆಯಂತೆ. ರಾಯರು ಎದೆಯ ಮೇಲೆ ಕೈಯಿಟ್ಟು, ಅದು ಮಾರುವ ವಸ್ತುವಲ್ಲ ಎಂದು ಶುರು ಮಾಡುವುದರೊಳಗೆ ಹೆಂಡತಿ ಕಾರಿನಿಂದ ಇಳಿದಿದ್ದರು.

"ದುಡ್ಡಿನ ಮಾತು ಆಮೇಲಾಯ್ತು, ಅವರ ಮನೆ ಎಲ್ಲಿ ಕೇಳ್ರೀ. ನಾವೇ ತಂದು ಇಳಿಸಿಕೊಡ್ತೀವಿ ಅನ್ನಿ."