ಬದಲಿ ಫೋರ್ಕ್ ಮೀಮಾಂಸೆ

ಮುಂಚಕ್ರವನ್ನು ಹಿಡಿದಿರುವುದೇ ಫೋರ್ಕ್ ಎಂಬ ಲಕ್ಷಣ ಚಕ್ರಗಳ್ಳನಿಗೂ ಸಲ್ಲುವುದರಿಂದ ಅದಕ್ಕೆ ಅತಿವ್ಯಾಪ್ತಿ ದೋಷ. ‘ಎರಡು ಕಾಲುಳ್ಳದ್ದು’ ಎಂದು ತಿದ್ದಿದರೆ ಕಳ್ಳ ಹಾಗೆಯೇ ಉಳಿಯುತ್ತಾನೆ, ಕ್ಯಾನನ್‌ಡೇಲ್ ಕಂಪನಿಯ ಒಂಟಿಕಾಲಿನ ‘ಲೆಫ್ಟಿ’ ಹೊರಬೀಳುತ್ತದೆ, ಇದು ಅವ್ಯಾಪ್ತಿ. ಆದಕಾರಣ ಹೆಡ್ ಟ್ಯೂಬಿನೊಳಗೆ ತಿರುಗುವ ಸ್ಟಿಯರರ್ ಕೊಳವೆ, ಅದರ ಬುಡದ ಕ್ರೌನ್, ಅಲ್ಲಿಂದಿಳಿದು ಆ್ಯಕ್ಸಲ್ ಹಿಡಿಯುವ ಕಾಲು, ಇವುಗಳ ಸಮುದಾಯವೇ ಫೋರ್ಕ್ ಎಂದು ನಿರ್ಣಯ. ಲಗೇಜು ಹೊತ್ತು ದೂರ ಸಾಗುವ ಸೈಕಲ್ಲಿನಲ್ಲಿ ಇದು ಬಾಗಿದಾಗ ಅಥವಾ ಬಿರುಕು ಬಿಟ್ಟಾಗ ಪ್ರಸ್ತುತ ಶಾಸ್ತ್ರದ ಅಗತ್ಯ ಬೀಳುತ್ತದೆ.

ಹೆಡ್ ಟ್ಯೂಬಿನ ಹಿಂದೆ, ಫ್ರೇಮಿನ ಕೊಳವೆಗಳ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ ಎಂದು ಮೊದಲು ಬೆರಳಾಡಿಸಿ ನೋಡುವುದು ವಿಧಿ. ಸುಕ್ಕಿದ್ದರೆ ಡಿಕ್ಕಿಯಲ್ಲಿ ಫ್ರೇಮೂ ಬಾಗಿದೆ; ಮುಂದಿನ ಅಧಿಕರಣಗಳೆಲ್ಲ ವ್ಯರ್ಥ.

ಸ್ಟಿಯರರ್ ವಿಷಯದಲ್ಲಿ ಮದುವೆಯ ನಿಯಮ ತಲೆಕೆಳಗಾಗುತ್ತದೆ. ಅಲ್ಲಿ ಸಗೋತ್ರ ನಿಷಿದ್ಧ, ಇಲ್ಲಿ ಸಗೋತ್ರವೇ ಸಮ್ಮತ. ಸ್ಟಿಯರರನ್ನು ತಿರುಗಿಸುವ ಬೇರಿಂಗ್ ಜೋಡಿಯಾದ ಹೆಡ್‌ಸೆಟ್ 1 ಇಂಚಿನದಾದರೆ ಅದಕ್ಕೆ 1⅛ ಇಂಚಿನ ಸ್ಟಿಯರರ್ ಎಷ್ಟೇ ಸುಲಕ್ಷಣವಾಗಿದ್ದರೂ ಕೂಡಿಬರುವುದಿಲ್ಲ. 1 ಇಂಚಿನವರೊಳಗೂ ಒಳಪಂಗಡಗಳುಂಟು. ಸ್ಟಿಯರರಿನ ತಿರುಪಿಗೆ ಇಂಚಿಗೆ 24 ಎಳೆ ಎಂಬುದು ಬಹುಮತ. ನಾಟಿಂಗ್‌ಹ್ಯಾಮಿನ ರ‍್ಯಾಲೀ ಕಾರ್ಖಾನೆ ಅಷ್ಟು ಸಾಲದೆಂದು 26 ಕೊರೆಯಿತು. ಹಳೆಯ ಫ್ರೆಂಚ್ ಸೈಕಲ್ಲುಗಳು ಇಂಚನ್ನೇ ಮಾನ್ಯ ಮಾಡದೆ 25 ಮಿ.ಮೀ. ವ್ಯಾಸಕ್ಕೆ ನಿಂತವು. ಹೆಡ್‌ಸೆಟ್ಟಿನ ಕೆಳಗಿನ ಬಳೆಯಾದ ಕ್ರೌನ್ ರೇಸ್ ಕೂರುವ ಪೀಠವೂ 26.4 ಮತ್ತು 27 ಮಿ.ಮೀ. ಎಂದು ಎರಡು ಬಗೆ. ದೊಡ್ಡದನ್ನು ತುರಿದು ಚಿಕ್ಕದಾಗಿಸಬಹುದು, ಚಿಕ್ಕದನ್ನು ಉಬ್ಬಿಸಲಾಗದು. ಸ್ಟಿಯರರಿನ ಉದ್ದಕ್ಕೂ ಇದೇ ನ್ಯಾಯ ಅನ್ವಯಿಸುವುದರಿಂದ ಗರಗಸದವನನ್ನು ಕೊನೆಯಲ್ಲಿ ಕರೆಯಬೇಕು.

ಆ್ಯಕ್ಸಲ್ಲಿನಿಂದ ಕ್ರೌನ್ ರೇಸಿನವರೆಗಿನ ಉದ್ದ ಹೆಚ್ಚಾದರೆ ನಷ್ಟವೇನು, ಸವಾರ ನಾಲ್ಕು ಜನರಿಗೆ ಕಾಣುವಂತೆ ಎತ್ತರಕ್ಕೆ ಕೂರುತ್ತಾನಲ್ಲ ಎಂಬುದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಟ್ಯೂಬ್ ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ, ಟ್ರೈಲ್ ಸುಮಾರು 6 ಮಿ.ಮೀ. ಏರುತ್ತದೆ, ಏರನ್ನು ನಿಧಾನವಾಗಿ ಹತ್ತುವಾಗ ಹ್ಯಾಂಡಲ್ ಅತ್ತಿತ್ತ ಬೀಳತೊಡಗುತ್ತದೆ. ಟ್ರೈಲ್ ಎಂದರೆ ಸ್ಟಿಯರಿಂಗ್ ಅಕ್ಷ ನೆಲ ಮುಟ್ಟುವಲ್ಲಿಂದ ಟೈರು ನೆಲ ಮುಟ್ಟುವ ಬಿಂದು ಎಷ್ಟು ಹಿಂದಿದೆ ಎಂಬ ಅಳತೆ. ರೇಕ್ ಎಂದರೆ ಅದೇ ಅಕ್ಷಕ್ಕಿಂತ ಆ್ಯಕ್ಸಲ್ ಎಷ್ಟು ಮುಂದಿದೆ ಎಂಬುದು. ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ. ಶಿಷ್ಯರಲ್ಲಿ ಹಲವರು ಈ ಘಟ್ಟದಲ್ಲೇ ಬಸ್ಸು ಹತ್ತುತ್ತಾರೆ. ಉಳಿದವರ ಅನುಕೂಲಕ್ಕೆ ಲೆಕ್ಕ: ಚಕ್ರದ ತ್ರಿಜ್ಯ 340 ಮಿ.ಮೀ., ಹೆಡ್ ಕೋನ 72 ಡಿಗ್ರಿ ಇರುವಲ್ಲಿ ರೇಕ್ 45 ಮಿ.ಮೀ. ಆದರೆ ಟ್ರೈಲ್ 63, ರೇಕ್ 55 ಆದರೆ ಟ್ರೈಲ್ 53. ಭಾರವೆಲ್ಲ ಮುಂಚಕ್ರದ ಮೇಲಿದ್ದರೆ ಟ್ರೈಲ್ ಇನ್ನೂ ಕಡಿಮೆಯಿರಲಿ ಎಂಬುದು ಹಳೆಯ ಫ್ರೆಂಚ್ ಸಂಪ್ರದಾಯ. ಹಳೆಯ ಫೋರ್ಕಿನ ಉದ್ದ, ರೇಕ್ ಎರಡನ್ನೂ ಅಳೆದು ಅದಕ್ಕೆ ಸಮನಾದುದನ್ನೇ ತರುವವನು ಈ ವಿವಾದದಿಂದ ಮುಕ್ತ.

ಬ್ರೇಕಿನಲ್ಲಿ ಕ್ಯಾಂಟಿಲಿವರ್ ಗೂಟಗಳು ರಿಮ್ಮಿನ ಅಳತೆಗೆ ಸರಿಹೊಂದಬೇಕು. 27 ಇಂಚಿನ ಹಳೆಯ ಚಕ್ರಕ್ಕೂ 700ಸಿ ಚಕ್ರಕ್ಕೂ ತ್ರಿಜ್ಯದಲ್ಲಿ 4 ಮಿ.ಮೀ. ಅಂತರವಿದೆ. ಹೇಗೂ ಹೊಸದು, ಡಿಸ್ಕ್ ಇರಲಿ ಎಂಬ ನವ್ಯಮತಕ್ಕೆ ಅನವಸ್ಥಾ ದೋಷ ತಗಲುತ್ತದೆ. ಡಿಸ್ಕ್ ಫೋರ್ಕಿಗೆ ಡಿಸ್ಕ್ ಹಬ್, ಹಬ್ ಬಂದರೆ ಹೊಸ ಚಕ್ರ, ಚಕ್ರಕ್ಕೆ ರೋಟರ್, ರೋಟರಿಗೆ ಕ್ಯಾಲಿಪರ್, ಕ್ಯಾಲಿಪರಿಗೆ ತಕ್ಕ ಲೀವರ್. ಕಡೆಗೆ ಹಳೆಯದಾಗಿ ಉಳಿಯುವುದು ಬೆಲ್ ಮಾತ್ರ.

ರಸ್ತೆಯ ಕುಲುಕನ್ನು ಉಕ್ಕು ನುಂಗುತ್ತದೆಂದು ಪ್ರಾಚೀನರು, ಕಾರ್ಬನ್ ಇನ್ನೂ ಚೆನ್ನಾಗಿ ನುಂಗುತ್ತದೆಂದು ನವ್ಯರು. ಎರಡಕ್ಕಿಂತಲೂ ಹೆಚ್ಚು ನುಂಗುವುದು ಟೈರಿನ ಗಾಳಿ. ಅದು ಅಗ್ಗವಾದ್ದರಿಂದ ಇಬ್ಬರೂ ಅದರ ಮಾತೆತ್ತುವುದಿಲ್ಲ. ಉಕ್ಕು ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿ ತಿಳಿಸುತ್ತದೆ, ಕಾರ್ಬನ್ನಿಗೆ ಆ ಸೌಜನ್ಯವಿಲ್ಲ. ಕಾಲಿನ ನಡುವೆ ಲೋ-ರೈಡರ್ ರ‍್ಯಾಕಿನ ತೂತು, ತುದಿಯಲ್ಲಿ ಮಡ್‌ಗಾರ್ಡಿನ ತೂತು, ದಪ್ಪ ಟೈರಿಗೆ ಜಾಗ, ಈ ಮೂರೂ ಇರುವ ಉಕ್ಕಿನ ಫೋರ್ಕ್ ಪ್ರವಾಸಕ್ಕೆ ಶ್ರೇಷ್ಠ.

ಇಷ್ಟೆಲ್ಲ ಕೂಡಿಬಂದ ಫೋರ್ಕಿಗೆ ಫ್ರೇಮಿನ ಬಣ್ಣವಿರುವುದಿಲ್ಲ ಎಂಬುದು ಈ ಶಾಸ್ತ್ರದಲ್ಲಿ ಅಪವಾದವಿಲ್ಲದ ಒಂದೇ ಸೂತ್ರ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು. ಕಪ್ಪನ್ನೇ ಕೊಳ್ಳತಕ್ಕದ್ದು.