ಹಲ್ಲು ಕೀಳಿಸಿಕೊಂಡ ಯಜಮಾನರು

ಪ್ರತಿ ವಠಾರದಲ್ಲೂ ಇಂಥ ಒಬ್ಬ ಯಜಮಾನರಿರುತ್ತಾರೆ. ಕೆಳದವಡೆಯ ಕೊನೆಯ ಹಲ್ಲು ಕೀಳಿಸಿಕೊಂಡು ಆಟೋ ಇಳಿಯುವಾಗಲೇ ಉಯಿಲು ಬರೆಯುವ ಮುಖ. ಅರ್ಧ ಗಂಟೆಯಾದರೂ ಕಚ್ಚಿ ಹಿಡಿದಿರಿ ಎಂದು ಡಾಕ್ಟರು ಇಟ್ಟ ಗಾಜ್ ಬಟ್ಟೆಯನ್ನು ಐದೈದು ನಿಮಿಷಕ್ಕೆ ಹೊರತೆಗೆದು ಕನ್ನಡಿಯೆದುರು ತಪಾಸಣೆ. ಎಂಜಲು ನಸುಗೆಂಪಾಗಿದ್ದರೆ ಸಾಕು, "ಮೈರಕ್ತವೆಲ್ಲ ಬಸಿದುಹೋಯ್ತು ಕಣೇ!" ಮೊದಲ ದಿನ ಎಂಜಲಿಗೆ ಕೆಂಪು ಬೆರೆಯುವುದು ಸಹಜ, ಬಟ್ಟೆ ಬಿಗಿಯಾಗಿ ಕಚ್ಚಿದ ಮೇಲೂ ಬಾಯಿ ತುಂಬಿ ಬರುತ್ತಲೇ ಇದ್ದರೆ ಗಾಬರಿಯಾಗಬೇಕು. ಈ ವ್ಯತ್ಯಾಸ ಹೆಂಡತಿಗೆ ಗೊತ್ತು. ಇವರಿಗೆ ಬೇಡ.

ತುಟಿ ಜೋಮು ಹಿಡಿದದ್ದು ಲಕ್ವವೇ ಎಂದು ತೀರ್ಮಾನಿಸಿ ಪುಣೆಯ ಮಗನಿಗೆ ಫೋನು. ಸಂಜೆ ಅರಿವಳಿಕೆ ಇಳಿದು ತುಟಿ ವಾಪಸು ಬಂದರೆ, ಈಗ ನೋವು ಶುರುವಾಯಿತೆಂದು ಮಗಳಿಗೆ ಫೋನು. ಮರುದಿನ ಕೆನ್ನೆ ಊದಿದ್ದೇ ಸೆಪ್ಟಿಕ್! ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತದೆಂದು ಬರೆದ ಚೀಟಿ ಮೇಜಿನ ಮೇಲಿದೆ. ಅದರ ಮೇಲೆ ಗಂಜಿ ಲೋಟ ಕೂತಿದೆ.

ನೋವು ತುಸು ತಗ್ಗಿತೋ, ಯಜಮಾನರು ವೀರರಾಗುತ್ತಾರೆ. ಪಾರ್ಕಿನಲ್ಲಿ ಬೆರಳು ನೀಡಿ "ಇಷ್ಟುದ್ದ ಬೇರು!" ಎಂಬ ವರ್ಣನೆ, ಬೈಟು ಕಾಫಿ, ಮೇಲೊಂದು ಸಿಗರೇಟು. ಗಾಯದ ಕುಳಿಯನ್ನು ಮುಚ್ಚಿ ಕಾಯುವ ರಕ್ತದ ಹೆಪ್ಪಿಗೆ ದಮ್ಮೆಳೆತ ಆಗಿಬರುವುದಿಲ್ಲ. ರಾತ್ರಿ ಸಿಡಿತ ಕಿವಿಯವರೆಗೆ ಏರುತ್ತದೆ. ಮಾತ್ರೆ ಕೇಳದು. ಬಾಯಿ ನಾರುತ್ತದೆ. ಹೆಪ್ಪು ಇರಬೇಕಾದ ಕುಳಿ ಬರಿದು, ತಳದಲ್ಲಿ ಬೆಳ್ಳಗೆ ಎಲುಬು. ದಂತವೈದ್ಯರು ಡ್ರೈ ಸಾಕೆಟ್ ಎನ್ನುವುದು ಇದಕ್ಕೇ. ಬೀದಿಯನ್ನೆಲ್ಲ ಒಂದು ಮಾಡಿದ್ದವರು, ನಿಜವಾಗಿ ಕೂಗಬೇಕಾದ ಈ ಹೊತ್ತಿನಲ್ಲಿ ಗಪ್‌ಚಿಪ್! "ಕಿವಿಗೆ ಥಂಡಿ ಹೊಕ್ಕಿದೆ" ಎಂದು ಹತ್ತಿ ತುರುಕಿ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಕಾರಣ ಇಷ್ಟೇ: ಡಾಕ್ಟರು ಸಿಗರೇಟಿನ ವಿಷಯ ಕೇಳಿಯೇ ಕೇಳುತ್ತಾರೆ, ಪಕ್ಕದಲ್ಲಿ ಹೆಂಡತಿ ನಿಂತಿರುತ್ತಾರೆ.

ಆ ತಾಯಿ ಕೇಳುವುದು ನಾಲ್ಕೇ ಮಾತು. ನೋವು ಇಳೀತಿದೆಯೋ ಏರ್ತಿದೆಯೋ? ಜ್ವರ ಇದೆಯಾ? ಬಾಯಿ ತೆಗೆಯೋಕಾಗುತ್ತಾ? ನುಂಗೋಕೆ, ಉಸಿರಾಡೋಕೆ ಕಷ್ಟವಾ? ಈ ಕೊನೆಯದಕ್ಕೆ ಹೂಂ ಎಂದರೆ ಬೆಳಗಾಗುವುದನ್ನು ಕಾಯದೆ ದೊಡ್ಡಾಸ್ಪತ್ರೆಗೇ ಓಡಬೇಕು. ಪುಣ್ಯಕ್ಕೆ ಅಷ್ಟಕ್ಕೆ ಹೋಗಿರುವುದಿಲ್ಲ. ಬೆಳಗ್ಗೆ ಮಫ್ಲರ್ ಸಮೇತ ಎಳೆದೊಯ್ಯುತ್ತಾರೆ.

ಡಾಕ್ಟರು ಕುಳಿ ತೊಳೆದು, ಲವಂಗದೆಣ್ಣೆಯ ಘಮಲಿನ ಔಷಧದ ಪಟ್ಟಿ ತುಂಬುತ್ತಾರೆ. ನೋವು ಇಳಿಯುತ್ತಿದ್ದಂತೆ ಯಜಮಾನರ ಕಣ್ಣು ಬಿಲ್ಲಿನ ಮೇಲೆ:

"ಲವಂಗ ಮನೇಲೇ ಇತ್ತಲ್ಲೇ!"