ಮೀನಮೇಷ್ಟ್ರು

ಕುವೈತಿನ ಅಬು ಹಲೀಫಾದಲ್ಲಿ ಮೀನು ತಜ್ಞರಿಗೆ ಬರ ಬಂದದ್ದನ್ನು ನಾನಂತೂ ಕಂಡಿಲ್ಲ. ನಂಬಿಕೆಯಿಲ್ಲದಿದ್ದರೆ ರಜೆಯ ದಿನ ಪಕ್ಕದ ಫಹಾಹೀಲ್ ಮೀನು ಮಾರ್ಕೆಟ್ಟಿಗೆ ಹೋಗಿ ನಿಲ್ಲಿ. ಉಡುಪಿಯವರು ಕಿವಿರು ಎತ್ತಿ ನೋಡುತ್ತಾರೆ, ಕುಂದಾಪುರದವರು ಹೊಟ್ಟೆ ಒತ್ತಿ ನೋಡುತ್ತಾರೆ, ಮಂಗಳೂರಿನವರು ಮಾರುವವನ ಮುಖ ನೋಡಿಯೇ ಮೀನು ಯಾವತ್ತಿನದೆಂದು ಹೇಳಿಬಿಡುತ್ತಾರೆ. ಇಲ್ಲಿನ ಮಾಂಜಿಯಾದ ಜುಬೈದಿಯನ್ನು ಕೈಯಲ್ಲಿ ಹಿಡಿದು, "ನಮ್ಮ ಮಲ್ಪೆಯ ಬಿಳಿ ಮಾಂಜಿಯ ರುಚಿ ಇದಕ್ಕೆಲ್ಲಿ ಮಾರಾಯ್ರೆ" ಎಂದು ಗೊಣಗುತ್ತಲೇ ಎರಡು ಕಿಲೋ ತೂಗಿಸುವುದು ಇಲ್ಲಿನ ಸಂಪ್ರದಾಯ.

ಇಂಥ ವಿದ್ವನ್ಮಣಿಗಳ ಮನೆಯಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗನೊಬ್ಬ, "ಅಪ್ಪಾ, ನಾನು ಫಿಶರೀಸ್ ಓದಿ ಅದರಲ್ಲೇ ಪ್ರೊಫೆಸರ್ ಆಗುತ್ತೇನೆ" ಎಂದು ಬಾಯಿಬಿಟ್ಟರೆ ಸಾಕು, ಬಾಯಿಗಿಟ್ಟ ಅಂಜಲ್ ತುಂಡು ಅಲ್ಲೇ ನಿಲ್ಲುತ್ತದೆ. "ಮೀನು ಹಿಡಿಯಲಿಕ್ಕೆ ಡಿಗ್ರಿ ಎಂತದಕ್ಕೆ?" ಎಂದು ಅಪ್ಪ. "ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಕೇಳಿದರೆ ಏನೆಂದು ಹೇಳಲಿ?" ಎಂದು ಅಮ್ಮ. ಇಂಜಿನಿಯರಿಂಗ್ ಓದಿ ಕೆಲಸವಿಲ್ಲದೆ ಕೂತವನಿಗಿರುವ ಗೌರವ ಮೀನು ಓದಿ ಸಂಬಳ ತರುವವನಿಗಿಲ್ಲ.

ಹಾಗೆಂದು ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೇ? ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಎಕ್ಕೂರಿನ ಆ ಕ್ಯಾಂಪಸ್ಸಿನ ಎದುರೇ ಹಾದು ವಿಮಾನ ಹತ್ತಲು ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಒಳಗೆ ಏನು ನಡೆಯುತ್ತದೆಂದು ಕೇಳಿದವರಿಲ್ಲ. ಶುರುವಾದಾಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೂಸು. ಈಗ ಅದರ ತವರು ಬೀದರ್! ಹೌದು, ಕಡಲ ಮೀನಿನ ಪಾಠ ಹೇಳುವವರ ಕಡತ ಕುಲಪತಿಯ ಸಹಿಗೆ ಹೋಗುವುದು ಅಲೆಯ ಸದ್ದೇ ಕೇಳದ ಬೀದರಿಗೆ. ವಿಶ್ವವಿದ್ಯಾಲಯದ ಹೆಸರಿನಲ್ಲೂ ಪಶುವೈದ್ಯಕೀಯ, ಪಶು ಎಲ್ಲ ಮುಗಿದ ಮೇಲೆ ಬಾಲಕ್ಕೆ ಮೀನು.

ಇನ್ನು ಮೀನು ಮೇಷ್ಟ್ರ ಕುರ್ಚಿಯ ಏಣಿ ನೋಡಿ. ಬಿ.ಎಫ್.ಎಸ್ಸಿ. ನಾಲ್ಕು ವರ್ಷ, ಎಂ.ಎಫ್.ಎಸ್ಸಿ. ಎರಡು, ಪಿಎಚ್‌ಡಿ ಅಂದರೆ ಕನಿಷ್ಠ ಮೂರು, ನಡುವೆ ದಿಲ್ಲಿಯ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುವ ನೆಟ್ ಪರೀಕ್ಷೆ. ಅಷ್ಟೂ ಮುಗಿಸಿ ಬಂದರೆ ಹುದ್ದೆ ಖಾಲಿಯಿದೆ, ಆದರೆ ತುಂಬುವ ಆದೇಶ ಬಂದಿಲ್ಲ. ಗೆಸ್ಟ್ ಲೆಕ್ಚರರ್ ಆಗಿ ಕೂದಲು ನರೆಯುತ್ತಿರುವಾಗ ಐಟಿಐ ಮುಗಿಸಿದ ಕ್ಲಾಸ್‌ಮೇಟು ಅಹ್ಮದಿಯ ಎಣ್ಣೆ ಕಂಪನಿ ಸೇರಿ ಸುರತ್ಕಲ್ಲಿನಲ್ಲಿ ಎರಡು ಮಹಡಿ ಎಬ್ಬಿಸಿರುತ್ತಾನೆ. ಮದುವೆ ದಲ್ಲಾಳಿ ಯಾರ ಮನೆ ಬಾಗಿಲು ತಟ್ಟುತ್ತಾನೆಂದು ನಾನು ಹೇಳಬೇಕೇ?

ಆದರೆ ನಮ್ಮ ಮಾರ್ಕೆಟ್ ತಜ್ಞರ ಬಾಯಿ ಮುಚ್ಚಿಸಲು ಈ ಕುವೈತಿನ ಕಡಲೇ ಸಾಕು. 2001ರ ಬೇಸಿಗೆಯ ಕೊನೆಗೆ ಕುವೈತ್ ಕೊಲ್ಲಿಯಲ್ಲಿ ಮೇದ್ ಮೀನುಗಳು ಸತ್ತು ತೇಲಿದವು. ಒಂದೆರಡು ಬುಟ್ಟಿಯಲ್ಲ, 2,500 ಟನ್ನಿಗೂ ಹೆಚ್ಚು. ಕಿವಿರು ಎತ್ತಿ, ಹೊಟ್ಟೆ ಒತ್ತಿ ನೋಡಿದರೆ ಕಾರಣ ತಿಳಿಯುತ್ತಿತ್ತೇ? ಇಲ್ಲಿನ ವಿಜ್ಞಾನಿಗಳು, ಅಮೆರಿಕದಿಂದ ಬಂದವರು ಎಲ್ಲ ಸೇರಿ ಹುಡುಕಿದಾಗ ಸಿಕ್ಕಿದ್ದು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ ಎಂಬ ಬ್ಯಾಕ್ಟೀರಿಯಾ. ಸರಾಸರಿ ಆಳ 35 ಮೀಟರಿನಷ್ಟೇ ಇರುವ ಈ ಗಲ್ಫ್ ಕಡಲು ಬೇಸಿಗೆಯಲ್ಲಿ ಸಾರಿನ ಹಾಗೆ ಕಾಯುತ್ತದೆ. ಅದರೊಳಗೆ ನಾವು ಬಿಟ್ಟ ಕೊಳಚೆಯೂ ಸೇರಿದರೆ ಮೀನಿಗೆ ಜ್ವರ ಬರದೆ ಇನ್ನೇನು? ಅದನ್ನು ಲೆಕ್ಕ ಹಾಕಿ ಹೇಳುವುದೇ ಆ ಮೇಷ್ಟ್ರುಗಳ ಕೆಲಸ.

ಕುವೈತ್ ವೈಜ್ಞಾನಿಕ ಸಂಶೋಧನಾ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯ. 1967ರಲ್ಲಿ ಅದನ್ನು ಹುಟ್ಟುಹಾಕಿದ್ದು ಜಪಾನಿನ ಎಣ್ಣೆ ಕಂಪನಿ. ಎಣ್ಣೆ ಮತ್ತು ಮರುಭೂಮಿ ಕೃಷಿಯ ಜೊತೆಗೆ ಅವರು ಆರಿಸಿಕೊಂಡ ಮೂರನೇ ವಿಷಯ ಕಡಲ ಜೀವಶಾಸ್ತ್ರ. ಎಣ್ಣೆಯವರಿಗೇ ಮೀನಿನ ಮಹತ್ವ ಗೊತ್ತಾಯಿತು, ಎಣ್ಣೆ ಕಂಪನಿಯಲ್ಲಿರುವ ನಮ್ಮವರಿಗೆ ಗೊತ್ತಾಗಲಿಲ್ಲ! ತೊಂಬತ್ತರ ದಶಕದ ಕೊನೆಗೆ ಅಲ್ಲಿನವರು ಕಡಲಿನಿಂದ ತಂದ ಜುಬೈದಿಯ ಮೊಟ್ಟೆಯನ್ನು ತೊಟ್ಟಿಯಲ್ಲಿ ಮರಿ ಮಾಡಿ ಸಾಕಿ ತೋರಿಸಿದರು. ಜುಬೈದಿ ಸಾಕುವುದೆಂದರೆ ಹುಡುಗಾಟವಲ್ಲ. ಕಡಲಲ್ಲಿ ಜೆಲ್ಲಿ ಮೀನನ್ನೂ ಮೇಯುವ ನಾಜೂಕು ಮೀನು ಅದು, ಮುಟ್ಟಿದರೆ ಮುನಿಯುವ ಜಾತಿ.

ಮೀನಿನ ವಯಸ್ಸು ಗೊತ್ತಾಗುವುದು ಮಾರುವವನ ಮುಖದಿಂದಲ್ಲ, ಅದರ ಕಿವಿಯೊಳಗಿನ ಸಣ್ಣ ಕಲ್ಲಿನಿಂದ. ಅದನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಬಳೆಯಂಥ ಗೆರೆಗಳನ್ನು ಮೇಷ್ಟ್ರುಗಳು ಎಣಿಸುತ್ತಾರೆ. ಹಾಗೆ ಎಣಿಸಿ, ಯಾವ ಪ್ರಾಯಕ್ಕೆ ಎಷ್ಟು ಮೊಟ್ಟೆ ಎಂದು ಗುಣಿಸಿ, ಮರಿ ಮಾಡುವ ಕಾಲಕ್ಕೆ ಬಲೆ ಬೇಡ ಎನ್ನುತ್ತಾರೆ. ಊರಿನಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗೆ ರಜೆ. ಇಲ್ಲೂ ಬೇಸಿಗೆಯಲ್ಲಿ ಜುಬೈದಿ ಹಿಡಿಯಲು ತಡೆ. ಆಗ ನಮ್ಮವರು ದಿನಾರು ಲೆಕ್ಕ ಹಾಕುತ್ತಾ ಆ ಮೇಷ್ಟ್ರ ವಂಶವನ್ನೇ ಬೈಯುವುದನ್ನು ಕೇಳಬೇಕು.

ಇಷ್ಟಾದರೂ ಮೀನು ಮೇಷ್ಟ್ರಿಗೆ ಹೆಣ್ಣು ಕೊಡಲು ಹಿಂಜರಿಯುವ ಅಪ್ಪಂದಿರಿಗೆ ನನ್ನದೊಂದು ಮಾತು. ಅಳಿಯ ಡಾಕ್ಟರಾದರೆ ನಿಮ್ಮ ಸಕ್ಕರೆ ಕಾಯಿಲೆ ನೋಡಿ ಅನ್ನ ಬಿಡಿಸುತ್ತಾನೆ. ಈತನಾದರೆ ಫಹಾಹೀಲಿಗೆ ಬಂದು ಹಳಸಿದ್ದು ಯಾವುದು, ತಾಜಾ ಯಾವುದು ಎಂದು ಆರಿಸಿಯಾದರೂ ಕೊಡುತ್ತಾನೆ. ಅವನು ಆರಿಸಿದ್ದನ್ನು ನೀವು ಒಪ್ಪುವುದಿಲ್ಲ, ಅದು ಬೇರೆ ಮಾತು.